ಹ್ಯುಂಡೈ ಮತ್ತೆ ಮತ್ತೆ ಬರೆದ ಪರೀಕ್ಷೆ

ಹ್ಯುಂಡೈ ಅನ್ನೋ ಹೆಸರನ್ನ ನಮ್ಮಲ್ಲಿ ಎಷ್ಟು ಥರ ಹೇಳ್ತಾರೆ ಅಂತ ಗಮನಿಸಿದ್ದೀರಾ? ಹುಂಡೈ, ಹುಂಡಾಯಿ, ಹ್ಯೂಂಡಾಯ್... ಮೈಸೂರು ಕಡೆಯವರ ಬಾಯಲ್ಲಿ ಕೇಳಿದರೆ ಇದು ನಂಜನಗೂಡಿನ ಆಸುಪಾಸಿನ ಯಾವುದೋ ಹುಂಡಿ ಇರಬೇಕು ಅನ್ನಿಸುತ್ತೆ. ಕೊರಿಯನ್ನರು ಹೇಳೋದು ಹೆಚ್ಚುಕಮ್ಮಿ ‘ಹ್ಯೊನ್‌ದೆ’ ಅಂತ. ಅರ್ಥ ಇಷ್ಟೇ - ‘ಆಧುನಿಕ’. 1946ರಲ್ಲಿ ಸೋಲ್ ನಗರದಲ್ಲಿ ಒಂದು ಗ್ಯಾರೇಜಿನ ಬೋರ್ಡಿನ ಮೇಲೆ ಬರೆಸಿದ ಹೆಸರು ಅದು. ನಮ್ಮೂರಲ್ಲಿ ‘ಮಾಡರ್ನ್ ಹೇರ್ ಕಟ್ಟಿಂಗ್ ಸಲೂನ್’ ಅಂತ ಇರಲ್ವಾ, ಹಾಗೇ.

ಕಾರುಗಳ ವಿಷಯದಲ್ಲಿ ನಾನು ಬಣ್ಣ ನೋಡಿ ಗುರುತಿಸುವ ಜಾತಿಯವನು. ಹಾಗಾಗಿ ಈ ಕಂಪನಿಯ ಕಥೆ ನನ್ನನ್ನು ಹಿಡಿದಿದ್ದು ಕಾರಿನ ಮೋಹದಿಂದಲ್ಲ, ಒಂದು ಲೆಕ್ಕದಿಂದ. 1957ರಲ್ಲೇ ನಮ್ಮ ದೇಶದಲ್ಲಿ ಅಂಬಾಸಿಡರ್ ತಯಾರಾಗುತ್ತಿತ್ತು. ಆಗ ದಕ್ಷಿಣ ಕೊರಿಯಾ ಮೂರು ವರ್ಷದ ಯುದ್ಧ ಮುಗಿಸಿ ಆಗಷ್ಟೇ ಎದ್ದು ಕೂತಿತ್ತು. ಅವರ ಕಾರು ಅಂದರೆ 1955ರಲ್ಲಿ ಬಂದ ‘ಸಿಬಾಲ್’. ಅಮೆರಿಕದ ಸೈನ್ಯದ ಜೀಪುಗಳ ಬಿಡಿಭಾಗ ಸೇರಿಸಿ, ಎಣ್ಣೆ ಡ್ರಮ್ಮಿನ ತಗಡನ್ನು ಸುತ್ತಿಗೆಯಲ್ಲಿ ತಟ್ಟಿ ಮಾಡಿದ ಗಾಡಿ. ಈಗ ನೋಡಿ. 2022ರಲ್ಲಿ ಹ್ಯುಂಡೈ ಮತ್ತು ಕಿಯಾ ಸೇರಿದ ಗುಂಪು 68 ಲಕ್ಷಕ್ಕೂ ಹೆಚ್ಚು ವಾಹನ ಮಾರಿ, ಟೊಯೋಟಾ, ಫೋಕ್ಸ್‌ವ್ಯಾಗನ್ ಬಿಟ್ಟರೆ ಜಗತ್ತಿಗೇ ಮೂರನೆಯದಾಯಿತು. ನಮ್ಮ ಅಂಬಾಸಿಡರ್ 2014ರಲ್ಲಿ ಸದ್ದಿಲ್ಲದೆ ನಿಂತುಹೋಯಿತು.

ಹಿಂದೆ ಹೊರಟವರು ನಮ್ಮನ್ನು ದಾಟಿ ಹೋಗಿದ್ದು ಹೇಗೆ?

‘ಕೊರಿಯನ್ನರು ಕಷ್ಟಪಟ್ಟು ದುಡಿಯೋ ಜನ’ ಅನ್ನೋ ಉತ್ತರ ನನಗೆ ಸಾಲದು. ನಮ್ಮ ಬಯಲುಸೀಮೆಯ ರೈತ ಏನು ಕಾಲು ಚಾಚಿ ಮಲಗಿದ್ದನೇ? ನನಗೆ ಸಿಕ್ಕ ಉತ್ತರ ಬೇರೆ. ಅವರು ಊರಾಚೆಗೆ ಹೋಗಿ ಪರೀಕ್ಷೆ ಬರೆದರು. ಫೇಲಾದರು. ಮತ್ತೆ ಕಟ್ಟಿದರು. ನಾವು ಪರೀಕ್ಷೆಗೇ ಕೂರಲಿಲ್ಲ. ಆದರೆ ಆ ಪರೀಕ್ಷೆಯ ಫೀಸನ್ನು ಯಾರ್ಯಾರು ಕಟ್ಟಿದರು ಅನ್ನೋದೂ ಕಥೆಯ ಭಾಗವೇ, ಅದನ್ನ ಬಿಟ್ಟು ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ.

ಮೊದಲು ಆ ಗ್ಯಾರೇಜಿನ ಯಜಮಾನನ ವಿಷಯ. ಚುಂಗ್ ಜು-ಯುಂಗ್ ಅಂತ. 1915ರಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ, ಬಡ ರೈತನ ಹಿರೀಮಗನಾಗಿ ಹುಟ್ಟಿದವನು. ಹೊಲದ ಕೆಲಸ ಒಲ್ಲೆ ಅಂತ ಮನೆ ಬಿಟ್ಟು ಓಡಿಹೋಗಿದ್ದು ಒಂದು ಸಲ ಅಲ್ಲ, ಹಲವು ಸಲ. ಒಮ್ಮೆಯಂತೂ ಅಪ್ಪ ಹಸು ಮಾರಿ ತಂದಿಟ್ಟಿದ್ದ ದುಡ್ಡನ್ನೇ ಎತ್ತಿಕೊಂಡು ರೈಲು ಹತ್ತಿದ್ದ. ಅಪ್ಪ ಹುಡುಕಿಕೊಂಡು ಬಂದು ವಾಪಸ್ ಕರೆದುಕೊಂಡು ಹೋದರು. ಕೊನೆಗೂ ಸೋಲ್‌ನಲ್ಲಿ ನೆಲೆ ನಿಂತು, ಅಕ್ಕಿ ಅಂಗಡಿಯಲ್ಲಿ ಮೂಟೆ ತಲುಪಿಸೋ ಕೆಲಸಕ್ಕೆ ಸೇರಿ, ಮುಂದೆ 1938ರಲ್ಲಿ ಆ ಅಂಗಡಿಯ ವ್ಯಾಪಾರವನ್ನೇ ವಹಿಸಿಕೊಂಡ. ಜಪಾನೀಯರ ಪಡಿತರ ನೀತಿಯಿಂದ ಅದು ಮುಚ್ಚಿತು. 1940ರಲ್ಲಿ ಗಾಡಿ ರಿಪೇರಿ ಅಂಗಡಿ ಹಿಡಿದ, ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಸಾಲ ಎತ್ತಿ ನಿಲ್ಲಿಸಿದ. 1947ರಲ್ಲಿ ಕಟ್ಟಡ ಕಟ್ಟುವ ಕಂಪನಿ ಶುರುಮಾಡಿದ.

ಈ ಕಟ್ಟಡದ ಕಂಪನಿ 1965ರಲ್ಲಿ ಥಾಯ್ಲೆಂಡಿನಲ್ಲಿ ಒಂದು ಹೆದ್ದಾರಿಯ ಗುತ್ತಿಗೆ ಹಿಡಿಯಿತು. ಹೊರದೇಶದಲ್ಲಿ ಇವರ ಮೊದಲ ದೊಡ್ಡ ಕೆಲಸ. ಅಲ್ಲಿನ ಮಳೆ ಗೊತ್ತಿಲ್ಲ, ಮಣ್ಣು ಗೊತ್ತಿಲ್ಲ, ಯಂತ್ರಗಳು ಹಳೆಯವು. ಚೆನ್ನಾಗಿ ಕೈ ಸುಟ್ಟುಕೊಂಡರು. ಆದರೂ ರಸ್ತೆ ಮುಗಿಸಿಕೊಟ್ಟೇ ಬಂದರು. ಊರಿಗೆ ಬಂದು ಸೋಲ್-ಬೂಸಾನ್ ಹೆದ್ದಾರಿ ಕಟ್ಟುವಾಗ ಆ ನಷ್ಟದ ಪಾಠವೇ ಬಂಡವಾಳವಾಯಿತು. ಹ್ಯುಂಡೈ ಕಾರಿನ ಕಥೆಯಲ್ಲಿ ಮುಂದೆ ಮತ್ತೆ ಮತ್ತೆ ಬರೋದು ಇದೇ ಮಾದರಿ. ಹೊರಗೆ ಹೋಗು, ಏಟು ತಿನ್ನು, ಏಟು ಎಲ್ಲಿ ಬಿತ್ತು ಅಂತ ಬರೆದಿಟ್ಟುಕೋ.

1967ರ ಡಿಸೆಂಬರಿನಲ್ಲಿ ಹ್ಯುಂಡೈ ಮೋಟಾರ್ ಕಂಪನಿ ಹುಟ್ಟಿತು. ಚುಂಗ್ ಅದನ್ನು ನೋಡಿಕೊಳ್ಳಲು ಬಿಟ್ಟಿದ್ದು ತಮ್ಮ ಚುಂಗ್ ಸೆ-ಯುಂಗ್‌ನನ್ನು. ಕಡಲತೀರದ ಉಲ್ಸಾನ್ ಎಂಬ ಊರಲ್ಲಿ ಕಾರ್ಖಾನೆ. ಫೋರ್ಡ್ ಕಂಪನಿಯ ಕಾರ್ಟಿನಾ ಕಾರಿನ ಭಾಗಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಇವರು ಜೋಡಿಸಬೇಕು, ಅಷ್ಟೇ. ಆದರೆ ಬ್ರಿಟನ್ನಿನ ನುಣ್ಣನೆ ರಸ್ತೆಗೆಂದು ಮಾಡಿದ ಕಾರು ಅದು. ಕೊರಿಯಾದ ಮಣ್ಣುರಸ್ತೆಗಳಲ್ಲಿ ಪದೇ ಪದೇ ಕೆಟ್ಟು ನಿಲ್ಲತೊಡಗಿತು. ಬೈಸಿಕೊಂಡಿದ್ದು ಹ್ಯುಂಡೈ. ಯಾಕೆ ಕೆಡುತ್ತಿದೆ ಅಂತ ತಿಳಿದು ಬದಲಾಯಿಸೋಣ ಅಂದರೆ ವಿನ್ಯಾಸ ಇವರದಲ್ಲ. ಫೋರ್ಡ್ ಜತೆ ಸೇರಿ ಇಂಜಿನ್ ಕಾರ್ಖಾನೆ ಹಾಕುವ ಮಾತುಕತೆ ವರ್ಷಗಟ್ಟಲೆ ಎಳೆದಾಡಿ 1973ರ ಹೊತ್ತಿಗೆ ಮುರಿದುಬಿತ್ತು.

ಅದೇ ಹೊತ್ತಿಗೆ ಪಾರ್ಕ್ ಚುಂಗ್-ಹೀ ಸರ್ಕಾರ ಕಾರು ಕಂಪನಿಗಳಿಗೆ ಒಂದು ತಾಕೀತು ಮಾಡಿತು. ಜೋಡಿಸಿದ್ದು ಸಾಕು, ನಿಮ್ಮದೇ ಆದ ಚಿಕ್ಕ ಕಾರು ಮಾಡಿ. ಪಾರ್ಕ್ ಸರ್ವಾಧಿಕಾರಿ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಬೇಲಿ ಹಾಕಿಕೊಟ್ಟ ಸರ್ಕಾರವೇ ಬೇಲಿಯಾಚೆಗೂ ಮಾರಿ ತೋರಿಸು ಅಂತ ಪಟ್ಟು ಹಿಡಿಯಿತು. ನಮಗೂ ಅವರಿಗೂ ದಾರಿ ಬೇರೆಯಾಗಿದ್ದು ಇಲ್ಲೇ ಅಂತ ನನ್ನ ಅನಿಸಿಕೆ.

ನಮ್ಮಲ್ಲೂ ಬೇಲಿ ಇತ್ತಲ್ಲ. ಅದಕ್ಕೂ ಮೊದಲು ಕನಸೂ ಇತ್ತು. ಕನ್ನಡಿಗರಾದ ನಾವು ಇದನ್ನ ಮರೆಯಬಾರದು - 1930ರ ದಶಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕು ಅಂತ ಯೋಜನೆ ಹಿಡಿದು ಓಡಾಡಿದ್ದರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಅಮೆರಿಕ ಸುತ್ತಿ ಅಲ್ಲಿನ ಕಾರ್ಖಾನೆ ನೋಡಿಬಂದರು. ವಾಲ್‌ಚಂದ್ ಹೀರಾಚಂದ್ ಬಂಡವಾಳ ಹಾಕಲು ಮುಂದೆ ಬಂದರು, ಮೈಸೂರು ಸಂಸ್ಥಾನ ಕೈಜೋಡಿಸಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಾಲ್‌ಚಂದರ ವಿಮಾನ ಕಾರ್ಖಾನೆ ಬಂತು, ಕಾರಿನ ಕಾರ್ಖಾನೆ ಬರಲಿಲ್ಲ. ಅವರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಅದಕ್ಕೂ ಎರಡು ವರ್ಷ ಮೊದಲೇ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು. ಅಂದರೆ ಹ್ಯುಂಡೈ ಮೋಟಾರ್ ಹುಟ್ಟುವ ಇಪ್ಪತ್ತು ವರ್ಷಕ್ಕೂ ಮೊದಲು ನಮ್ಮಲ್ಲಿ ಎರಡು ಕಾರು ಕಂಪನಿಗಳಿದ್ದವು!

ಆಮೇಲೇನಾಯ್ತು? ಲೈಸೆನ್ಸ್ ರಾಜ್ಯದಲ್ಲಿ ಎಷ್ಟು ಕಾರು ಮಾಡಬೇಕು ಅಂತ ದೆಹಲಿ ಹೇಳುತ್ತಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರು. ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಕಾರು ಮಾರಾಟವಾಗುತ್ತೆ ಅಂದಮೇಲೆ ಬಾಗಿಲು ಯಾರು ರಿಪೇರಿ ಮಾಡ್ತಾರೆ ಹೇಳಿ? ನಮ್ಮ ಮಲೆನಾಡಿನ ಘಾಟಿಗಳಲ್ಲಿ ಎಂಟು ಜನ, ಎರಡು ಬಾಳೆಗೊನೆ ತುಂಬಿಕೊಂಡು ಏರುತ್ತಿದ್ದ ಅಂಬಾಸಿಡರ್ ಬಗ್ಗೆ ನನಗೆ ಈಗಲೂ ಅಕ್ಕರೆ ಇದೆ. ಆದರೆ ಅದು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು, ಅಚ್ಚು ಕೊನೆಯವರೆಗೂ ಹೆಚ್ಚುಕಮ್ಮಿ ಹಾಗೇ ಉಳಿಯಿತು.

ಇಲ್ಲೊಂದು ತಮಾಷೆ ನೋಡಿ. ಹ್ಯುಂಡೈ ಸ್ವಂತ ಕಾರು ಮಾಡಬೇಕು ಅಂತ ಹೊರಟಾಗ ಯಾರನ್ನು ಕರೆತಂದಿತು ಗೊತ್ತೇ? ಜಾರ್ಜ್ ಟರ್ನ್‌ಬುಲ್ ಅವರನ್ನು. ಬ್ರಿಟಿಷ್ ಲೇಲ್ಯಾಂಡಿನಲ್ಲಿ ಅದೇ ಮೋರಿಸ್ ಕಾರುಗಳ ವಿಭಾಗದ ಮುಖ್ಯಸ್ಥರಾಗಿದ್ದವರು! ಮೋರಿಸ್ ಮನೆಯಿಂದ ನಾವು ತಂದಿದ್ದು ಅಚ್ಚು, ಅವರು ತಂದಿದ್ದು ಅಚ್ಚು ಮಾಡುವುದು ಗೊತ್ತಿದ್ದ ಮನುಷ್ಯನನ್ನು. 1974ರಲ್ಲಿ ಟರ್ನ್‌ಬುಲ್ ತಮ್ಮ ಜತೆ ಕೆಲವು ಬ್ರಿಟಿಷ್ ಇಂಜಿನಿಯರುಗಳನ್ನೂ ಕರೆದುಕೊಂಡು ಉಲ್ಸಾನ್‌ಗೆ ಬಂದರು. ಕಾರಿನ ಆಕಾರ ಬಿಡಿಸಿದ್ದು ಇಟಲಿಯ ಜ್ಯೋರ್ಜೆತ್ತೊ ಜುಜಾರೊ. ಇಂಜಿನ್, ಗೇರ್‌ಬಾಕ್ಸ್ ಜಪಾನಿನ ಮಿತ್ಸುಬಿಷಿಯ ವಿದ್ಯೆ. ಒಟ್ಟಿನಲ್ಲಿ ನಾಲ್ಕು ಮನೆಯಿಂದ ಕಡ ತಂದು ಮಾಡಿದ ಅಡುಗೆ. ಆದರೆ ಒಲೆ ತಮ್ಮದು, ಬಡಿಸಿದವರು ತಾವು. ಹೆಸರು ‘ಪೋನಿ’. 1974ರ ಟೂರಿನ್ ಮೇಳದಲ್ಲಿ ಅದನ್ನ ಜಗತ್ತಿಗೆ ತೋರಿಸಿದರು. 1976ರಲ್ಲಿ ಕಾರು ರಸ್ತೆಗಿಳಿಯಿತು.

ಅದೇ ವರ್ಷ ಬೆರಳೆಣಿಕೆಯಷ್ಟು ಪೋನಿಗಳು ಹಡಗು ಹತ್ತಿ ಎಕ್ವಡೋರಿಗೆ ಹೋದವು. ದಕ್ಷಿಣ ಅಮೆರಿಕದ ಆ ಪುಟ್ಟ ದೇಶಕ್ಕೇ ಯಾಕೆ? ದೊಡ್ಡಣ್ಣಂದಿರ ಅಂಗಳಕ್ಕೆ ಕಾಲಿಡುವ ಧೈರ್ಯ ಇನ್ನೂ ಇರಲಿಲ್ಲ ಅಂತ ಕಾಣುತ್ತೆ. ಬೆಟ್ಟಗುಡ್ಡ, ಬಿಸಿಲು, ಕೆಟ್ಟ ರಸ್ತೆ. ಕಾರನ್ನು ಪರೀಕ್ಷಿಸಲು ಹೇಳಿಮಾಡಿಸಿದ ಜಾಗ.

ಮೊದಮೊದಲು ಹೊರದೇಶಕ್ಕೆ ಕಳಿಸಿದ ಕಾರಿನ ಬೆಲೆ, ಅದನ್ನು ಮಾಡಲು ತಗಲುತ್ತಿದ್ದ ಖರ್ಚಿಗಿಂತಲೂ ಕಡಿಮೆ. ಆ ನಷ್ಟ ತುಂಬುತ್ತಿದ್ದವರು ಯಾರು? ಕೊರಿಯಾದ ಗಿರಾಕಿ. ಹೊರಗಿನ ಕಾರು ಒಳಗೆ ಬರದಂತೆ ಸರ್ಕಾರ ತಡೆದಿತ್ತು, ಹಾಗಾಗಿ ಅವನು ಅದೇ ಪೋನಿಗೆ ಹೆಚ್ಚು ದುಡ್ಡು ಕೊಡಲೇಬೇಕಿತ್ತು. ಪರೀಕ್ಷೆ ಫೀಸಿನ ಮೊದಲ ಕಂತು ಇದು.

1984ರಲ್ಲಿ ಕೆನಡಾದಲ್ಲಿ ಪೋನಿ ಯಾರೂ ಎಣಿಸದಷ್ಟು ಮಾರಾಟವಾಯಿತು. 1986ರಲ್ಲಿ ಅಮೆರಿಕಕ್ಕೆ ‘ಎಕ್ಸೆಲ್’ ಕಾರು ಹೋಯಿತು. ಬೆಲೆ 4,995 ಡಾಲರು. ಹೊಸ ಕಾರು ಅಷ್ಟು ಅಗ್ಗಕ್ಕೆ ಅಲ್ಲಿ ಸಿಗೋದು ಅಪರೂಪವಾಗಿತ್ತು, ಜನ ಮುಗಿಬಿದ್ದರು. ಮೊದಲ ವರ್ಷವೇ 1 ಲಕ್ಷ 68 ಸಾವಿರಕ್ಕೂ ಹೆಚ್ಚು ಕಾರು ಮಾರಾಟ. 1988ರ ಹೊತ್ತಿಗೆ ವರ್ಷಕ್ಕೆ 2 ಲಕ್ಷ 60 ಸಾವಿರ ದಾಟಿತು.

ಆಮೇಲೆ ಬಂತು ಫಲಿತಾಂಶ. ತುಕ್ಕು ಹಿಡಿಯಿತು, ಬಿಡಿಭಾಗಗಳು ಬೇಗ ಸವೆದವು. ಸಾಲ ಮಾಡಿ ಕೊಂಡವರು ಕಂತು ಮುಗಿಯುವ ಮೊದಲೇ ಕಾರಿನಿಂದ ಬೇಸತ್ತರು. ಹಳೇ ಎಕ್ಸೆಲ್ ಮಾರಲು ಹೋದರೆ ಕೊಳ್ಳುವವರಿಲ್ಲ. ಅಮೆರಿಕದ ಟೀವಿಯಲ್ಲಿ ರಾತ್ರಿ ಹೊತ್ತು ನಗಿಸುವವರಿಗೆ ‘ಹ್ಯುಂಡೈ’ ಅನ್ನೋ ಹೆಸರೇ ಒಂದು ಜೋಕಾಯಿತು. ಕೆನಡಾದ ಬ್ರೋಮೋಂಟಿನಲ್ಲಿ 1989ರಲ್ಲಿ ತೆರೆದ ಕಾರ್ಖಾನೆ 1993ಕ್ಕೆ ಬಾಗಿಲು ಹಾಕಿತು. 1998ರಲ್ಲಿ ಅಮೆರಿಕದ ಮಾರಾಟ 90 ಸಾವಿರದ ಆಸುಪಾಸಿಗೆ ಕುಸಿಯಿತು. ಹತ್ತು ವರ್ಷದಲ್ಲಿ ಮೂರನೇ ಒಂದು ಪಾಲು!

ಇಂಥ ಅವಮಾನ ಆದಾಗ ಎರಡು ದಾರಿ. ಒಂದು, ಬೇಲಿಯೊಳಗೆ ವಾಪಸ್ ಬಂದು ‘ಆ ಜನಕ್ಕೆ ನಮ್ಮ ಬೆಲೆ ಗೊತ್ತಿಲ್ಲ’ ಅನ್ನೋದು. ಇನ್ನೊಂದು ಕಷ್ಟದ್ದು. ಹ್ಯುಂಡೈ ಎರಡನೆಯದನ್ನು ಹಿಡಿಯಿತು. ಅದರ ತಯಾರಿ ಎಕ್ಸೆಲ್ ಹಡಗು ಹತ್ತುವ ಮೊದಲೇ ಒಳಗೊಳಗೆ ಶುರುವಾಗಿತ್ತು ಅನ್ನೋದು ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ.

ಎಲ್ಲಿಯವರೆಗೆ ಇಂಜಿನ್ ಮಿತ್ಸುಬಿಷಿಯದೋ ಅಲ್ಲಿಯವರೆಗೆ ನಾವು ಜೀತದಾಳು ಅಂತ ಹ್ಯುಂಡೈಗೆ ಅರ್ಥವಾಗಿತ್ತು. ಪ್ರತಿ ಕಾರಿಗೂ ರಾಯಲ್ಟಿ. ಎಲ್ಲಿ ಮಾರಬೇಕು, ಯಾವ ಮಾದರಿ ಮಾರಬೇಕು ಅನ್ನೋದರಲ್ಲೂ ಕಲಿಸಿದವರ ಮಾತು ನಡೆಯುತ್ತೆ. ಹಾಗಾಗಿ 1984ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಕೆಲಸಕ್ಕಿದ್ದ ಕೊರಿಯನ್ ಇಂಜಿನಿಯರ್ ಲೀ ಹ್ಯುನ್-ಸೂನ್ ಅವರನ್ನು ಕರೆಸಿ, ಸ್ವಂತ ಇಂಜಿನ್ ಮಾಡಿ ಅಂದರು. ಇಂಜಿನ್ ಬಳಸುವುದು ಗೊತ್ತಿತ್ತು, ಜೋಡಿಸುವುದು ಗೊತ್ತಿತ್ತು, ಮೊದಲಿಂದ ವಿನ್ಯಾಸ ಮಾಡಿದವರು ಆ ದೇಶದಲ್ಲೇ ಯಾರೂ ಇರಲಿಲ್ಲ. ಮಾದರಿ ಇಂಜಿನ್‌ಗಳು ಒಂದಾದ ಮೇಲೊಂದು ಒಡೆದವು, ಸುಟ್ಟವು. ಏಳು ವರ್ಷ ಕಳೆದು 1991ರಲ್ಲಿ ‘ಆಲ್ಫಾ’ ಇಂಜಿನ್ ಹೊರಬಂತು. ಲೋಕದ ಕಣ್ಣಿಗೆ ಅದು ಸಾಧಾರಣ 1.5 ಲೀಟರಿನ ಇಂಜಿನ್. ಅವರಿಗೆ ಅದು ಜೀತಮುಕ್ತಿಯ ಪತ್ರ.

2002ರಲ್ಲಿ ಏನಾಯಿತು ಕೇಳಿ. ಹ್ಯುಂಡೈ ವಿನ್ಯಾಸ ಮಾಡಿದ ‘ಥೀಟಾ’ ಇಂಜಿನ್ನನ್ನು ಆಧಾರವಾಗಿಟ್ಟುಕೊಂಡು ಹೊಸ ಇಂಜಿನ್ ಮಾಡಲು ಜರ್ಮನ್-ಅಮೆರಿಕನ್ ಡೈಮ್ಲರ್‌ಕ್ರೈಸ್ಲರ್ ಮತ್ತು ಮಿತ್ಸುಬಿಷಿ ಒಪ್ಪಂದಕ್ಕೆ ಸಹಿ ಹಾಕಿದವು. ಹೌದು, ಅದೇ ಮಿತ್ಸುಬಿಷಿ!

ಆದರೆ ಅದಕ್ಕೂ ಮೊದಲು 1998 ದಾಟಬೇಕಿತ್ತು. ಏಷ್ಯಾದ ಹಣಕಾಸು ಬಿಕ್ಕಟ್ಟಿನಲ್ಲಿ ಕೊರಿಯಾ ದಿವಾಳಿಯ ಅಂಚಿಗೆ ಬಂದಿತ್ತು. ಒಂದು ಕಡೆ ಹ್ಯುಂಡೈ, ಮುಳುಗಿದ್ದ ಕಿಯಾ ಕಂಪನಿಯನ್ನು ಹರಾಜಿನಲ್ಲಿ ಕೊಂಡಿತು. ಇನ್ನೊಂದು ಕಡೆ ಉಲ್ಸಾನ್‌ನಲ್ಲಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯುತ್ತೇವೆ ಅಂದಿತು. ಕಾರ್ಮಿಕರು ಹೆಂಡತಿ ಮಕ್ಕಳ ಸಮೇತ ಕಾರ್ಖಾನೆಯ ಆವರಣದಲ್ಲೇ ಡೇರೆ ಹಾಕಿ ಕೂತರು. ಒಂದು ತಿಂಗಳಿಗೂ ಹೆಚ್ಚು ಮುಷ್ಕರ. ಕೊನೆಗೆ ರಾಜಿಯಾಗಿ 277 ಜನರನ್ನು ತೆಗೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾರು ಗೊತ್ತೇ? ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸರು. ಮುಷ್ಕರಕ್ಕೆ ಕೂತ ಗಂಡಾಳುಗಳಿಗೂ ಊಟ ಹಾಕಿದವರು ಅವರೇ, ಬಲಿಯಾದವರೂ ಅವರೇ. ಕಂಪನಿಯೂ ಒಪ್ಪಿತು, ಸಂಘವೂ ಒಪ್ಪಿತು. ‘ಕೊರಿಯಾದ ಪವಾಡ’ ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಹೆಂಗಸರು ನೆನಪಾಗುತ್ತಾರೆ. ಫೀಸಿನ ಎರಡನೇ ಕಂತು.

ಅದೇ ವರ್ಷ ಮುದುಕ ಚುಂಗ್ ಇನ್ನೊಂದು ಕೆಲಸ ಮಾಡಿದ. 82 ವರ್ಷದ ಆತ ಜೂನ್ ತಿಂಗಳಲ್ಲಿ 500 ಹಸುಗಳನ್ನು ಲಾರಿಗಳಲ್ಲಿ ತುಂಬಿಸಿ, ಪನ್ಮುಂಜೊಮ್ ಗಡಿ ದಾಟಿ ಉತ್ತರ ಕೊರಿಯಾಕ್ಕೆ ಹೋದ. ಅಕ್ಟೋಬರಿನಲ್ಲಿ ಮತ್ತೆ 501. ಹುಡುಗನಾಗಿದ್ದಾಗ ಎತ್ತಿಕೊಂಡು ಹೋದ ಒಂದು ಹಸುವಿನ ದುಡ್ಡಿಗೆ 1,001 ಹಸು. ನನ್ನ ಲೆಕ್ಕದಲ್ಲಿ ಒಂದು ಅಸಲು, ಸಾವಿರ ಬಡ್ಡಿ. ಹಸುವಿನ ಋಣ ಏನೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಕ್ಯಾಂಟೀನಿನ ಹೆಂಗಸರ ಋಣದ ಲೆಕ್ಕ ಯಾವ ಲಾರಿಯಲ್ಲೂ ಹೋಗಲಿಲ್ಲ ಅನ್ನೋದೂ ಅಷ್ಟೇ ನಿಜ. ಚುಂಗ್ 2001ರ ಮಾರ್ಚಿನಲ್ಲಿ ತೀರಿಕೊಂಡ.

1999ರ ಹೊತ್ತಿಗೆ ಕಾರು ಕಂಪನಿಯ ಚುಕ್ಕಾಣಿ ತಮ್ಮನ ಕೈಯಿಂದ ಮಗ ಚುಂಗ್ ಮೊಂಗ್-ಕೂ ಕೈಗೆ ಬಂದಿತ್ತು. ಆಗಲೇ ಅಮೆರಿಕದಲ್ಲಿ ಹ್ಯುಂಡೈ ಒಂದು ಹುಚ್ಚು ಅನ್ನಿಸುವಂಥ ಘೋಷಣೆ ಮಾಡಿತ್ತು: ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಹತ್ತು ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ. ಜೋಕಿನ ವಸ್ತುವಾಗಿದ್ದ ಕಂಪನಿ ಹತ್ತು ವರ್ಷ ನಾನೇ ಹೊಣೆ ಅನ್ನುತ್ತಿದೆ! ಇದನ್ನ ಬರೀ ಜಾಹೀರಾತು ಅಂತ ತಿಳಿಯಬೇಡಿ. ಕಾರು ಕೆಟ್ಟರೆ ಖರ್ಚು ಗಿರಾಕಿಯದಲ್ಲ, ಕಂಪನಿಯದು ಅಂತಾದ ದಿನ, ಸಡಿಲ ಬೋಲ್ಟು ಕಾರ್ಖಾನೆಯ ಒಳಗಿನವರ ತಲೆನೋವಾಗುತ್ತೆ. ಗೋಡೆಗೆ ಬೆನ್ನು ಕೊಟ್ಟು ನಿಂತ ಹಾಗೆ, ಹಿಂದಕ್ಕೆ ಜಾಗವೇ ಇಲ್ಲ. 2001ರಲ್ಲಿ ಅಮೆರಿಕದ ಮಾರಾಟ 1988ರ ಎತ್ತರವನ್ನೂ ದಾಟಿತು. 2004ರಲ್ಲಿ ಹೊಸ ಕಾರುಗಳ ಗುಣಮಟ್ಟ ಅಳೆಯುವ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಹ್ಯುಂಡೈ, ಹೋಂಡಾ ಜತೆ ಎರಡನೇ ಸ್ಥಾನ ಹಂಚಿಕೊಂಡಿತು. 2005ರಲ್ಲಿ ಅಲಬಾಮಾದಲ್ಲಿ ಕಾರ್ಖಾನೆಯೂ ಬಂತು.

ಅಮೆರಿಕದಲ್ಲಿ ಮಾನ ಹೋಗಿದ್ದ ಅದೇ 1998ರಲ್ಲಿ ಹ್ಯುಂಡೈ ನಮ್ಮ ಪಕ್ಕದ ಮನೆಗೂ ಬಂದಿತ್ತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈನಲ್ಲಿ ಕಾರ್ಖಾನೆ, ಸೆಪ್ಟೆಂಬರಿನಲ್ಲಿ ಸ್ಯಾಂಟ್ರೋ. ಹೆಸರು ಕೇಳದ ಕಂಪನಿಯ ಕಾರನ್ನು ನಾನ್ಯಾಕೆ ಹೊಗಳಲಿ ಅಂತ ಶಾರುಖ್ ಖಾನ್ ಕೇಳುವ ಜಾಹೀರಾತು ನೆನಪಿದೆಯಾ? ನಮ್ಮ ಬೀದಿಗೆ ಮೊದಲ ಸ್ಯಾಂಟ್ರೋ ಬಂದಾಗ ಹುಡುಗರೆಲ್ಲ ಅದರ ಎತ್ತರ ನೋಡಿ ‘ಮೊಟ್ಟೆ ನಿಲ್ಲಿಸಿದ ಹಾಗಿದೆ’ ಅಂತ ನಕ್ಕಿದ್ದೆವು. ಪಕ್ಕದ ಮನೆ ಅಜ್ಜಿ ಮಾತ್ರ ಒಂದು ಸಲ ಹತ್ತಿ ಇಳಿದು, “ಸೀರೆ ಎತ್ತಿ ಹಿಡಿಯದೆ ಹತ್ತಬಹುದು ಕಣ್ರೋ, ಸೊಂಟ ಬಗ್ಗಿಸೋದೂ ಬೇಡ” ಅಂದರು. ಅಷ್ಟೇ, ತೀರ್ಪು ಬಂದ ಹಾಗಾಯಿತು. ಅಮೆರಿಕದ ಸೋಲು ಕಲಿಸಿದ್ದ ಪಾಠ ಇದೇ ಇರಬೇಕು. ಕೊಳ್ಳುವವರು ಹೇಗೆ ಕೂರುತ್ತಾರೆ ಅಂತ ನೋಡಿ ಕಾರು ಮಾಡೋದು.

ಮುಂದೆ ಚೆನ್ನೈ ಬರೀ ಭಾರತಕ್ಕೆ ಮಾರುವ ಕಾರ್ಖಾನೆಯಾಗಿ ಉಳಿಯಲಿಲ್ಲ. 2007ರಲ್ಲಿ ‘ಐ10’ ಕಾರನ್ನು ಜಗತ್ತಿಗೆ ಮೊದಲು ತೋರಿಸಿದ್ದೇ ಇಲ್ಲಿಂದ, ಯುರೋಪಿಗೂ ಇಲ್ಲಿಂದಲೇ ಹೋಯಿತು. 2020ರ ಆರಂಭಕ್ಕೆ ಚೆನ್ನೈನಿಂದ ರಫ್ತಾದ ಕಾರುಗಳ ಸಂಖ್ಯೆ 30 ಲಕ್ಷ ಮುಟ್ಟಿತ್ತು. ಭಾರತದ ಕೈಗಳಿಗೆ ಕೆಲಸ ಬರೋದಿಲ್ಲ ಅನ್ನೋ ಮಾತು ಅಲ್ಲಿಗೆ ಸುಳ್ಳಾಯಿತು. ಕೈ ಅದೇ, ಪರೀಕ್ಷೆ ಬೇರೆ.

ಹಾಗಂತ ಹ್ಯುಂಡೈ ಎಲ್ಲ ಗೆದ್ದು ಸುಖವಾಗಿತ್ತು ಅಂತ ಮುಗಿಸಿದರೆ ಅದು ಚಂದಮಾಮ ಕಥೆಯಾಗುತ್ತೆ. ಚುಂಗ್ ಮೊಂಗ್-ಕೂ ಕಂಪನಿಯ ದುಡ್ಡು ದುರುಪಯೋಗ ಮಾಡಿದ್ದಕ್ಕೆ 2007ರಲ್ಲಿ ಶಿಕ್ಷೆಗೆ ಗುರಿಯಾದರು, 2008ರಲ್ಲಿ ಕ್ಷಮಾದಾನವೂ ಸಿಕ್ಕಿತು. ಮಿತ್ಸುಬಿಷಿ ತಲೆಬಾಗಿದ ಥೀಟಾ ಇಂಜಿನ್ನಿನ ಮುಂದಿನ ಪೀಳಿಗೆ 2015ರಿಂದ ಅಮೆರಿಕದಲ್ಲಿ ದೊಡ್ಡ ತಲೆನೋವಾಯಿತು. ಓಡುತ್ತಿದ್ದ ಕಾರು ನಿಂತುಬಿಡುವುದು, ಕೆಲವು ಕಡೆ ಬೆಂಕಿ. ಕಂಪನಿಗೆ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಒಳಗಿನ ಸಂಗತಿ ಹೊರಗೆ ತಂದವರು ಹ್ಯುಂಡೈಯದೇ ಒಬ್ಬ ಕೊರಿಯನ್ ಇಂಜಿನಿಯರ್. ಅವರು ಕೆಲಸ ಕಳೆದುಕೊಂಡರು. 2021ರಲ್ಲಿ ಅಮೆರಿಕದ ಸರ್ಕಾರ ಅವರಿಗೆ 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಬಹುಮಾನ ಕೊಟ್ಟಿತು. ಪರೀಕ್ಷೆ ಒಂದು ಸಲ ಪಾಸಾದರೆ ಮುಗಿಯಲಿಲ್ಲ ಅಂತ ಕಂಪನಿಗೆ ನೆನಪಿಸಿದ್ದು ಮತ್ತೆ ಹೊರಗಿನವರೇ.

2024ರ ಅಕ್ಟೋಬರಿನಲ್ಲಿ ಹ್ಯುಂಡೈಯ ಭಾರತದ ಕಂಪನಿ ಮುಂಬಯಿಯಲ್ಲಿ ಷೇರು ಮಾರಿ ಸುಮಾರು 27,870 ಕೋಟಿ ರೂಪಾಯಿ ಎತ್ತಿತು. ಅಲ್ಲಿಯವರೆಗೆ ನಮ್ಮ ದೇಶ ಕಂಡ ಅತಿ ದೊಡ್ಡ ಷೇರು ಬಿಡುಗಡೆ. ಮಾರಿದ್ದೆಲ್ಲ ಕೊರಿಯಾದ ಮೂಲ ಕಂಪನಿಯ ಪಾಲು, ಹಾಗಾಗಿ ದುಡ್ಡು ಹೋಗಿದ್ದೂ ಅಲ್ಲಿಗೇ. ನ್ಯಾಯವೇ. ಅವರ ಕಂಪನಿ, ಅವರ ವಿದ್ಯೆ. ನನಗೆ ಇದರಲ್ಲಿ ಸಿಟ್ಟಿಲ್ಲ. ಆದರೆ ಬೆಂಗಳೂರಿನ ನೂರಾರು ಆಫೀಸುಗಳಲ್ಲಿ ಕೂತು ಯಾರ್ಯಾರದೋ ಕಾರಿಗೆ ನಕ್ಷೆ ಬಿಡಿಸುವ, ಕೋಡ್ ಬರೆಯುವ ನಮ್ಮ ಹುಡುಗ ಹುಡುಗಿಯರನ್ನು ನೋಡಿದಾಗ ಉಲ್ಸಾನ್‌ನ ಕಾರ್ಟಿನಾ ದಿನಗಳು ನೆನಪಾಗುತ್ತವೆ. ಪೆಟ್ಟಿಗೆ ಬರುತ್ತೆ, ಚೆನ್ನಾಗಿ ಜೋಡಿಸಿ ಕಳಿಸ್ತೀವಿ, ಸಂಬಳ ಬರುತ್ತೆ. ವಿನ್ಯಾಸ ನಮ್ಮದಲ್ಲ.

ಅಲ್ಲಿಂದ ಪೋನಿಗೆ ಜಿಗಿಯಲು ಬುದ್ಧಿ ಬೇಕು, ದುಡ್ಡು ಬೇಕು, ಸರ್ಕಾರವೂ ಬೇಕು, ಒಪ್ಪಿದೆ. ಅದೆಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಹೆಸರು ಬರೆದ ಸಾಮಾನನ್ನು ಅಪರಿಚಿತ ಊರಿಗೆ ಕಳಿಸಿ, ಅಲ್ಲಿನವರು ನಗುವಾಗ ನಿಂತು ಕೇಳಿಸಿಕೊಂಡು, ಮಾರನೇ ದಿನ ಬಾಗಿಲು ತೆರೆದು ಕೆಲಸಕ್ಕೆ ಕೂರುವ ದಪ್ಪ ಚರ್ಮ ಬೇಕು. ಅದರ ಫೀಸನ್ನು ಅಡುಗೆಮನೆಯ ಹೆಂಗಸರ ತಲೆಗೆ ಕಟ್ಟದ ಹಾಗೆ ಮಾಡಲು ಸಾಧ್ಯವಾದರೆ, ಅಲ್ಲಿ ನಾವು ಕೊರಿಯನ್ನರಿಗಿಂತ ಒಂದು ಮಾರ್ಕು ಹೆಚ್ಚು ತೆಗೆದ ಹಾಗೆ.

ನೀವೇನಂತೀರಿ?